ಕಾಡಂಚಿನ ಪಾಠ ಹೊಸಹಳ್ಳಿಯ ಶಾಲೆಗೆ ಬರುವುದೆಂದು?

2025ರ ಜೂನ್ ಕೊನೆಯ ವಾರ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಸತ್ತ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂಬುದು ತನಿಖೆಯಲ್ಲಿ ಹೊರಬಿತ್ತು. ಬಂಧಿತರಾದವರು ಅದೇ ಸುತ್ತಿನ ಹಳ್ಳಿಯವರು. ಹುಲಿ ದನ ಹಿಡಿದ ಸಿಟ್ಟಿನಿಂದ ಈ ಕೃತ್ಯ ನಡೆಯಿತೆಂದು ಅಧಿಕಾರಿಗಳು ಹೇಳಿದರು. ಐದು ತಿಂಗಳೂ ಕಳೆದಿರಲಿಲ್ಲ, ಮೈಸೂರು ಜಿಲ್ಲೆಯ ಸರಗೂರು ಸುತ್ತಮುತ್ತ ಹುಲಿಯ ದಾಳಿಗೆ ರೈತರು ಬಲಿಯಾದರು. ನವೆಂಬರ್ 7ರಂದು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಿ, ಆ ಸಿಬ್ಬಂದಿಯನ್ನೂ ಹುಲಿ ಹಿಡಿಯುವ ಕಾರ್ಯಾಚರಣೆಗೆ ಕಳುಹಿಸುವಂತೆ ಅರಣ್ಯ ಸಚಿವರು ಆದೇಶಿಸಬೇಕಾಯಿತು.

ಎರಡೂ ಸಂದರ್ಭಗಳಲ್ಲಿ ನಡೆದ ಚರ್ಚೆ ಒಂದೇ ಬಗೆಯದು. ಗಸ್ತು ಸರಿಯಿಲ್ಲ, ಕಂದಕ ಮುಚ್ಚಿಹೋಗಿದೆ, ಸೋಲಾರ್ ಬೇಲಿ ಕೆಟ್ಟಿದೆ, ಪರಿಹಾರ ತಡವಾಗುತ್ತದೆ. ಇವೆಲ್ಲ ನಿಜವೇ. ಆದರೆ ಆ ಹಳ್ಳಿಗಳಲ್ಲೆಲ್ಲ ಇರುವ, ಅರಣ್ಯ ಇಲಾಖೆಗಿಂತ ಜನರಿಗೆ ಹೆಚ್ಚು ಹತ್ತಿರವಾದ ಒಂದು ಸರ್ಕಾರಿ ಸಂಸ್ಥೆಯ ಹೆಸರು ಚರ್ಚೆಯಲ್ಲಿ ಎಲ್ಲಿಯೂ ಬರಲಿಲ್ಲ. ಅದು ಶಾಲೆ. 2022ರ ಗಣತಿಯ ಪ್ರಕಾರ 563 ಹುಲಿಗಳು, 2023ರ ಗಣತಿಯ ಪ್ರಕಾರ 6,395 ಆನೆಗಳಿರುವ ರಾಜ್ಯದಲ್ಲಿ ಈ ಪ್ರಾಣಿಗಳೊಡನೆ ಬದುಕುವುದು ಹೇಗೆಂಬುದನ್ನು ಮಕ್ಕಳಿಗೆ ಹೇಳಿಕೊಡುವವರು ಯಾರು? ಹೇಳಿಕೊಡುವವರಿಗೆ ಅದನ್ನು ಕಲಿಸಿದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನಗಳು ಕರ್ನಾಟಕದಲ್ಲಿ ನಡೆದೇ ಇಲ್ಲವೆನ್ನುವಂತಿಲ್ಲ. ಹಾಗೆ ನೋಡಿದರೆ ವನ್ಯಜೀವಿ ಶಿಕ್ಷಣದಲ್ಲಿ ಈ ರಾಜ್ಯದ ಇತಿಹಾಸ ಸಾಕಷ್ಟು ಹಳೆಯದು. ಯೋಗ ಕಲಿಯಲೆಂದು ಅಮೆರಿಕದಿಂದ ಮೈಸೂರಿಗೆ ಬಂದ ಸ್ಯಾಲಿ ವಾಕರ್ ಎಂಬ ಮಹಿಳೆ 1980ರ ದಶಕದ ಆರಂಭದಲ್ಲಿ ಮೈಸೂರು ಮೃಗಾಲಯದ ಗೆಳೆಯರ ಬಳಗ ಕಟ್ಟಿದರು. 1985ರಲ್ಲಿ ಅಲ್ಲಿಯೇ ಅವರು ಆರಂಭಿಸಿದ 'ಝೂ ಔಟ್‌ರೀಚ್' ಸಂಸ್ಥೆ ಮುಂದೆ ಕೊಯಮತ್ತೂರಿಗೆ ಸ್ಥಳಾಂತರಗೊಂಡು, ದಕ್ಷಿಣ ಏಷ್ಯಾದ ಹಲವು ದೇಶಗಳಲ್ಲಿ ಶಿಕ್ಷಕರಿಗೆ ಕಾರ್ಯಾಗಾರ ನಡೆಸುವಷ್ಟು ಬೆಳೆಯಿತು. ಬೀಜ ಮೈಸೂರಿನದು, ಫಲ ಹೆಚ್ಚಾಗಿ ಹೊರಗಿನವರದು!

ಎರಡನೆಯ ಪ್ರಯತ್ನದ ಹಿಂದೆ ಬೆಂಕಿಯ ಕಥೆಯಿದೆ. 1992ರಲ್ಲಿ ಉದ್ರಿಕ್ತ ಗುಂಪು ನಾಗರಹೊಳೆಯ ಕಾಡಿಗೆ ಬೆಂಕಿ ಹಚ್ಚಿತು. ಕಳ್ಳಬೇಟೆಯವರ ಪಾಲಿಗೆ ಸಿಂಹಸ್ವಪ್ನವಾಗಿದ್ದ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅದರ ಮರುವರ್ಷ ಇಲಾಖೆ ತೊರೆದರು. ಕಾಲು ಶತಮಾನ ಬಂದೂಕು ಹಿಡಿದು ಕಾಡು ಕಾದ ಮನುಷ್ಯ ಮುಂದಿನ ವರ್ಷಗಳಲ್ಲಿ ಮಾಡಿದ ಮುಖ್ಯ ಕೆಲಸವೆಂದರೆ ಸುತ್ತಲ ಊರುಗಳ ಮಕ್ಕಳನ್ನು ಕಾಡಿಗೆ ಕರೆದೊಯ್ದು ಶಿಬಿರ ನಡೆಸಿದ್ದು. ಕಾವಲಿನಿಂದಷ್ಟೇ ಕಾಡು ಉಳಿಯುವುದಿಲ್ಲವೆಂಬ ಅರಿವು ಆ ಬೂದಿಯಿಂದ ಬಂದದ್ದೆಂದು ಭಾವಿಸಿದರೆ ತಪ್ಪಾಗಲಾರದು. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರ ಒಡನಾಟದಲ್ಲಿ ನಡೆದ ನಾಗರಹೊಳೆ ವನ್ಯಜೀವಿ ಸಂರಕ್ಷಣಾ ಶಿಕ್ಷಣ ಯೋಜನೆ ಆ ಕೆಲಸಕ್ಕೊಂದು ರೂಪ ಕೊಟ್ಟಿತು. ಚಿಣ್ಣಪ್ಪ 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಅನುಭವಗಳು ಕನ್ನಡದ ಓದುಗರಿಗೆ 'ಕಾಡಿನೊಳಗೊಂದು ಜೀವ' ಎಂಬ ಪುಸ್ತಕವಾಗಿ ದೊರೆತದ್ದು ಟಿ.ಎಸ್. ಗೋಪಾಲ್ ಅವರಿಂದ. ಗೋಪಾಲ್ ಅರಣ್ಯಾಧಿಕಾರಿಯಲ್ಲ, ವಿಜ್ಞಾನಿಯೂ ಅಲ್ಲ. ಅವರು ಅಧ್ಯಾಪಕರು ಎಂಬುದು ಈ ವಿಷಯದಲ್ಲಿ ಗಮನಿಸತಕ್ಕ ಸಂಗತಿ.

ಮೂರನೆಯದು, ಈಗ ಹೆಚ್ಚು ಕೇಳಿಬರುತ್ತಿರುವ 'ವೈಲ್ಡ್ ಶಾಲೆ'. ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2018ರಲ್ಲಿ ಇದನ್ನು ಆರಂಭಿಸಿತು. ವಿಜ್ಞಾನಿ ಕೃತಿ ಕಾರಂತ ಮತ್ತು ಅಮೆರಿಕದ ಛಾಯಾಗ್ರಾಹಕಿ ಗ್ಯಾಬಿ ಸಲಾಜರ್ ಇದರ ಪಠ್ಯಕ್ರಮ ರೂಪಿಸಿದವರು. ಕಾರ್ಯಕ್ರಮ ಹುಟ್ಟಿದ ಬಗೆ ಕುತೂಹಲಕರವಾಗಿದೆ. ಅದೇ ಸಂಸ್ಥೆ 2015ರಲ್ಲಿ 'ವೈಲ್ಡ್ ಸೇವೆ' ಎಂಬ ಹೆಸರಿನಲ್ಲಿ ನಾಗರಹೊಳೆ, ಬಂಡೀಪುರ ಸುತ್ತಲ ರೈತರು ಉಚಿತ ದೂರವಾಣಿಗೆ ಕರೆ ಮಾಡಿದರೆ ಹೊಲಕ್ಕೇ ಹೋಗಿ, ನಷ್ಟ ದಾಖಲಿಸಿ, ಪರಿಹಾರದ ಅರ್ಜಿ ಹಾಕಿಸುವ ಕೆಲಸ ಮಾಡುತ್ತಿತ್ತು. ಅಪ್ಪನ ಬೆಳೆ ಆನೆಯ ಪಾಲಾದ ಮನೆಗಳ ಹುಡುಗರೇ ಪಕ್ಕದ ಶಾಲೆಯಲ್ಲಿ ಕುಳಿತಿದ್ದರು. 10ರಿಂದ 13 ವರ್ಷದ ಆ ಮಕ್ಕಳಿಗಾಗಿ ಆಟ, ಕಥೆ, ಚಿತ್ರಗಳ ಮೂಲಕ ನಾಲ್ಕು ಕಂತುಗಳ ಪಾಠ ಸಿದ್ಧವಾಯಿತು. ಸುತ್ತಲಿನ ಪ್ರಾಣಿಗಳ ಪರಿಚಯದಿಂದ ತೊಡಗಿ, ಆನೆ ಎದುರಾದರೆ ಏನು ಮಾಡಬೇಕು, ಬೆಳೆ ಹಾಳಾದರೆ ಮುಂದೇನು ಎಂಬಲ್ಲಿಗೆ ಅದು ತಲುಪುತ್ತದೆ. ಪ್ರಾಣಿಗಳನ್ನು ಪ್ರೀತಿಸಿ ಎಂದು ಉಪದೇಶಿಸಿ ಕೈತೊಳೆದುಕೊಳ್ಳುವ ಪಾಠಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಹಸು ಕಳೆದುಕೊಂಡ ಮನೆಯ ಮಗುವಿಗೆ ಹುಲಿ ರಾಷ್ಟ್ರೀಯ ಪ್ರಾಣಿ ಎಂಬ ವಾಕ್ಯದಿಂದ ಏನೂ ದಕ್ಕುವುದಿಲ್ಲ.

ಕೃತಿ ಕಾರಂತರಿಗೆ 2019ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಾಗ 500 ಶಾಲೆಗಳನ್ನು ತಲುಪುವ ಗುರಿ ಪ್ರಕಟವಾಯಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರೂ ಕಾರ್ಯಕ್ರಮ ಆ ಗುರಿಯನ್ನು ದಾಟಿ ನೆರೆ ರಾಜ್ಯಗಳ ಕಾಡಂಚಿಗೂ ವಿಸ್ತರಿಸಿದೆ. ಖಾಸಗಿ ಸಂಸ್ಥೆಯೊಂದರ ಪ್ರಯತ್ನವಾಗಿ ಇದು ಸಣ್ಣ ಸಾಧನೆಯಲ್ಲ.

ಅತಿಥಿ ಬಂದು ಹೋದ ಮೇಲೆ

ಆದರೆ ಬೆಳವಣಿಗೆಯನ್ನು ಅಳೆಯುವ ಮಾನದಂಡ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಎಷ್ಟು ಶಾಲೆ, ಎಷ್ಟು ಮಕ್ಕಳು ಎಂಬ ಲೆಕ್ಕ ದಾನಿಗಳಿಗೆ ಬೇಕು, ವಾರ್ಷಿಕ ವರದಿಗೂ ಬೇಕು. ಸಂಸ್ಥೆಯ ತರಬೇತಾದ ಯುವಕ ಯುವತಿಯರು ಶಾಲೆಗೆ ಬಂದು, ಚೆಂದದ ಪಾಠ ಮಾಡಿ, ಮುಂದಿನ ಶಾಲೆಗೆ ಹೋಗುತ್ತಾರೆ. ಮರುದಿನ ಅದೇ ತರಗತಿಗೆ ಬರುವವರು ಮೇಷ್ಟ್ರು. ಹುಡುಗನೊಬ್ಬ ಎದ್ದು ನಿಂತು, ನಿನ್ನೆ ಅವರು ಹೇಳಿದ್ದು ಸರಿಯೇ, ನಮ್ಮಪ್ಪ ಬೇರೆಯೇ ಹೇಳುತ್ತಾನಲ್ಲ ಎಂದು ಕೇಳಿದರೆ ಉತ್ತರಿಸಬೇಕಾದವರೂ ಅವರೇ. ರಾಜ್ಯದಲ್ಲಿ 70 ಸಾವಿರಕ್ಕೂ ಹೆಚ್ಚು ಶಾಲೆಗಳಿವೆ. ಯಾವ ಸ್ವಯಂಸೇವಾ ಸಂಸ್ಥೆಯೂ ತನ್ನ ಜನರನ್ನು ಕಳುಹಿಸಿ ಅಷ್ಟನ್ನು ಮುಟ್ಟಲಾರದು. ಶಿಕ್ಷಕರು ಮುಟ್ಟಬೇಕಾಗಿಲ್ಲ, ಅವರು ಅಲ್ಲಿಯೇ ಇದ್ದಾರೆ.

ಸರ್ಕಾರ ಈ ದಾರಿಯನ್ನು ಕಾಗದದ ಮೇಲೆ ಬಹಳ ಹಿಂದೆಯೇ ಹಿಡಿದಿತ್ತು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ನಿರ್ದೇಶಿಸಿತು. ಹನ್ನೆರಡು ವರ್ಷ ಕಳೆದ ಮೇಲೆ, 2003ರಲ್ಲಿ, ಎನ್‌ಸಿಇಆರ್‌ಟಿ ಪಠ್ಯಕ್ರಮವನ್ನು ಎಲ್ಲ ರಾಜ್ಯಗಳೂ ಅನುಸರಿಸಬೇಕೆಂದು ಮತ್ತೊಮ್ಮೆ ಹೇಳಬೇಕಾಯಿತು. ಈ ನಡುವೆ 2001-02ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ರಾಷ್ಟ್ರೀಯ ಹಸಿರು ಪಡೆ ಬಂತು. ಶಾಲೆಗೊಂದು ಇಕೋ ಕ್ಲಬ್, ಕ್ಲಬ್ಬಿಗೊಬ್ಬ ಶಿಕ್ಷಕ, ವರ್ಷಕ್ಕೆ 2,500 ರೂಪಾಯಿ. ಎಷ್ಟೋ ಕಡೆ ಕ್ಲಬ್ ಎಂದರೆ ಗೋಡೆಯ ಮೇಲೊಂದು ಬರಹ, ಜೂನ್ 5ರಂದು ನೆಟ್ಟ ಗಿಡ, ಬಿಲ್ಲಿನ ಕಡತ. ಇತ್ತೀಚೆಗೆ ಅದೇ ಕ್ಲಬ್ಬುಗಳಿಗೆ 'ಮಿಷನ್ ಲೈಫ್' ಎಂಬ ಹೊಸ ಹೆಸರು ಬಂದಿದೆ. ಹೆಸರಿಗೆ ತಕ್ಕ ತರಬೇತಿ ಶಿಕ್ಷಕರಿಗೆ ದೊರೆತರೆ ಸ್ವಾಗತಾರ್ಹವೇ.

ಶಿಕ್ಷಕರನ್ನು ನಂಬಿದರೆ ಏನಾಗಬಲ್ಲದು ಎಂಬುದಕ್ಕೆ ಕರ್ನಾಟಕ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ತಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ-ಕಲಿ. ಬೆರಳೆಣಿಕೆಯ ಶಾಲೆಗಳಲ್ಲಿ ಶುರುವಾದದ್ದು 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳ ಬೋಧನಾ ಕ್ರಮವಾಯಿತು. ಹೆಗ್ಗಡದೇವನಕೋಟೆ ಎಂದರೆ ಒಂದು ಬದಿಗೆ ನಾಗರಹೊಳೆ, ಇನ್ನೊಂದು ಬದಿಗೆ ಬಂಡೀಪುರ. ಇಂದು ವೈಲ್ಡ್ ಶಾಲೆ ಓಡಾಡುತ್ತಿರುವ ಅದೇ ನೆಲ. ಅದೇ ತಾಲ್ಲೂಕಿನ ಮೇಷ್ಟ್ರುಗಳು ಅಕ್ಷರ ಕಲಿಸುವ ಕ್ರಮವನ್ನೇ ಬದಲಿಸಬಲ್ಲರಾದರೆ, ಆನೆ ಚಿರತೆಗಳ ಪಾಠ ಬರೆಯಲಾರರೇ? ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಸುತ್ತೋಲೆಯ ಬಲದಿಂದ ರಾಜ್ಯವಿಡೀ ಹರಡಿದಾಗ ನಲಿ-ಕಲಿಯ ನಲಿವು ಅನೇಕ ಶಾಲೆಗಳಲ್ಲಿ ಕಡಿಮೆಯಾಯಿತು ಎಂಬ ದೂರು ಶಿಕ್ಷಕರಿಂದಲೇ ಬಂದದ್ದಿದೆ. ಕಾರ್ಡು ಬಂತು, ಬರೆದವರ ಹುಮ್ಮಸ್ಸು ಬರಲಿಲ್ಲ.

ಪಕ್ಕದ ಕೇರಳದಲ್ಲಿ ಮಾತೃಭೂಮಿ ಪತ್ರಿಕೆ 2009ರಲ್ಲಿ ಶಾಲೆಗಳಿಗಾಗಿ 'ಸೀಡ್' ಎಂಬ ಪರಿಸರ ಕಾರ್ಯಕ್ರಮ ತೊಡಗಿ, ಶಾಲೆಗೊಬ್ಬ ಶಿಕ್ಷಕರಿಗೆ ಅದರ ಹೊಣೆ ಕೊಟ್ಟಿತು. ಮರಗಳು ಚಿಗುರುವ, ಹೂ ಬಿಡುವ ಕಾಲವನ್ನು ಮಕ್ಕಳು ದಾಖಲಿಸುವ 'ಸೀಸನ್‌ವಾಚ್' ಎಂಬ ದೇಶವ್ಯಾಪಿ ಯೋಜನೆಗೆ ಅತಿ ಹೆಚ್ಚು ಮಾಹಿತಿ ಬರುವುದು ಕೇರಳದ ಶಾಲೆಗಳಿಂದ. ಆ ಯೋಜನೆಯ ಹಿಂದಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮಾತ್ರ ಮೈಸೂರಿನದು. ಅಷ್ಟು ವ್ಯಾಪಕವಾದ ಪ್ರಯತ್ನವನ್ನು ಕನ್ನಡದ ಯಾವ ಪತ್ರಿಕೆಯೂ ಮಾಡಿಲ್ಲವೆಂಬುದು ಪತ್ರಿಕೋದ್ಯಮಕ್ಕೆ ಹೆಮ್ಮೆಯ ವಿಷಯವಲ್ಲ.

ಮೆಟ್ರೊ ಮುಗಿಯುವಲ್ಲಿ ಚಿರತೆ

ಇದೆಲ್ಲ ಕಾಡಂಚಿನವರ ಸಂಗತಿ, ರಾಜಾಜಿನಗರ, ವಿಜಯನಗರದವರಿಗೇನು ಎಂದು ಕೇಳುವವರಿದ್ದಾರೆ. ಶಿಕ್ಷಣ ಇಲಾಖೆಯ ಯೋಚನೆಯೂ ಹೆಚ್ಚು ಬೇರೆಯಾಗಿಲ್ಲ. ವನ್ಯಜೀವಿ ಶಿಕ್ಷಣವೆಂದರೆ ನಗರದ ಮಕ್ಕಳ ಮಟ್ಟಿಗೆ ಬನ್ನೇರುಘಟ್ಟಕ್ಕೆ ಒಂದು ದಿನದ ಪ್ರವಾಸ.

ಪಶ್ಚಿಮ ಬೆಂಗಳೂರಿನ ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಅರ್ಧ ಗಂಟೆಯಲ್ಲಿ ಕೆಂಗೇರಿ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತುರಹಳ್ಳಿ ಕಾಡು, ಬಿ.ಎಂ. ಕಾವಲು. 2022ರ ಡಿಸೆಂಬರ್‌ನಲ್ಲಿ ಕೆಂಗೇರಿ, ತುರಹಳ್ಳಿ ಆಸುಪಾಸು ಚಿರತೆ ಕಾಣಿಸಿಕೊಂಡು ಬಡಾವಣೆಗಳ ಜನ ಸಂಜೆಯಾದೊಡನೆ ಬಾಗಿಲು ಹಾಕಿಕೊಂಡದ್ದು ಅನೇಕರಿಗೆ ನೆನಪಿರಬಹುದು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತವರ ತಂಡ ಕ್ಯಾಮೆರಾ ಬಲೆಗಳಿಂದ ನಡೆಸಿದ ಅಧ್ಯಯನದ ಪ್ರಕಾರ ಬೆಂಗಳೂರಿನ ಅಂಚಿನಲ್ಲಿರುವ ಚಿರತೆಗಳ ಸಂಖ್ಯೆ 80ರಿಂದ 85. ಅವುಗಳಲ್ಲಿ ಸುಮಾರು 30 ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಹೊರಗೆ, ಇಂಥ ಚೂರುಪಾರು ಕಾಡುಗಳಲ್ಲಿ ಬದುಕುತ್ತಿವೆ. ಇದೇ ಗುಬ್ಬಿಯವರು 2016ರ ಫೆಬ್ರುವರಿ 7ರಂದು ನಗರದ ಪೂರ್ವ ಭಾಗದ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ತೀವ್ರವಾಗಿ ಗಾಯಗೊಂಡವರು. ಅಂದು ಭಾನುವಾರ, ತರಗತಿಗಳಲ್ಲಿ ಮಕ್ಕಳಿರಲಿಲ್ಲ. ಸೋಮವಾರವಾಗಿದ್ದರೆ ಯಾವ ಶಿಕ್ಷಕರಿಗೆ ಏನು ಮಾಡಬೇಕೆಂದು ತಿಳಿದಿರುತ್ತಿತ್ತು? ಕೊಠಡಿಯ ಬಾಗಿಲು ಮುಚ್ಚಿ ಮಕ್ಕಳನ್ನು ಒಳಗೇ ಇರಿಸಬೇಕು, ಗುಂಪು ಸೇರಲು ಬಿಡಬಾರದು, ಚಿರತೆಗೆ ಹೊರಹೋಗುವ ದಾರಿ ತೆರೆದಿರಬೇಕು ಎಂಬಿಷ್ಟು ಮಾತನ್ನು ಹೇಳಿಕೊಡಲು ಅರ್ಧ ದಿನ ಸಾಕು.

ಕಾಡಿನ ಅಂಚನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸಬಹುದೆಂಬ ನಂಬಿಕೆಗೆ ತಿ. ನರಸೀಪುರ ತಾಲ್ಲೂಕು ಪೆಟ್ಟು ಕೊಟ್ಟಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಅಲ್ಲಿ ಚಿರತೆಗೆ ಬಲಿಯಾದವರು ನಾಲ್ವರು. ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ 11 ವರ್ಷದ ಬಾಲಕ. ಅದು ನಾಗರಹೊಳೆಯ ಸೆರಗಲ್ಲ, ಕಬ್ಬು ಭತ್ತ ಬೆಳೆಯುವ ನೀರಾವರಿ ನಾಡು. ರಾಷ್ಟ್ರೀಯ ಉದ್ಯಾನದಿಂದ ಇಷ್ಟು ಕಿಲೋಮೀಟರ್ ಒಳಗಿನ ಶಾಲೆಗಳು ಎಂದು ಪಟ್ಟಿ ಮಾಡಿಕೊಂಡು ಹೊರಡುವ ಯಾವ ಕಾರ್ಯಕ್ರಮವೂ ಅಂಥ ಊರನ್ನು ತಲುಪುವುದಿಲ್ಲ, ಹೊಸಹಳ್ಳಿಯನ್ನಂತೂ ಅಲ್ಲವೇ ಅಲ್ಲ.

ನಗರದ ಮಗುವಿನ ವನ್ಯಜೀವಿ ಎಂದರೆ ಚಿರತೆಯೊಂದೇ ಅಲ್ಲ. ಕೆಂಗೇರಿ ಉತ್ತರಹಳ್ಳಿ ರಸ್ತೆಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ನಡೆಯುತ್ತಿದೆ. ಅಲ್ಲಿಗೆ ಬರುವುದು ನಗರದ ಬೀದಿಯ ಜೀವಗಳು: ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿಸಿಕೊಂಡ ಹದ್ದು, ಕರೆಂಟು ತಗುಲಿದ ಕೋತಿ, ಗೂಡಿನಿಂದ ಬಿದ್ದ ಅಳಿಲು ಮರಿ, ಹೊಡೆತ ತಿಂದ ಹಾವು. ಆಷಾಢದ ಗಾಳಿಯಲ್ಲಿ ಪಟ ಹಾರಿಸುವ ಹುಡುಗರಿಗೂ ಆ ಹದ್ದಿನ ರೆಕ್ಕೆಗೂ ಸಂಬಂಧ ಕಲ್ಪಿಸಿಕೊಡಬಲ್ಲವರು ಶಿಕ್ಷಕರೇ. ನೈಲಾನ್ ಮಾಂಜಾಕ್ಕೆ ನಿಷೇಧವಿರುವುದು ಪೊಲೀಸರಿಗೆ ಗೊತ್ತು, ಅಂಗಡಿಯವನಿಗೂ ಗೊತ್ತು. ಕೊಳ್ಳುವ ಹುಡುಗನಿಗೆ ಗೊತ್ತಿಲ್ಲ.

ಹಾವಿನ ವಿಷಯವಂತೂ ಇನ್ನೂ ಸ್ಪಷ್ಟ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಘೋಷಿಸಿತು. ಆಸ್ಪತ್ರೆಗಳಿಗೆ ಸೂಚನೆ ಹೋಯಿತು. ಶಾಲೆಯ ಅಂಗಳದಲ್ಲಿ ಹಾವು ಕಂಡರೆ ಮೊದಲು ಓಡಿ ಬರಬೇಕಾದವರು ಶಿಕ್ಷಕರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕನ್ನು ಉಳಿದವುಗಳಿಂದ ಬೇರ್ಪಡಿಸಿ ನೋಡುವುದು, ಕಡಿದ ಜಾಗವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಅಲುಗಾಡಿಸದೆ, ನಾಟಿ ಔಷಧಿಗೆ ಹೊತ್ತು ಕಳೆಯದೆ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯುವುದು ಒಂದು ಮಗುವಿನ ಪ್ರಾಣದ ಪ್ರಶ್ನೆ. ಇದನ್ನೂ ವನ್ಯಜೀವಿ ಶಿಕ್ಷಣವೆಂದೇ ಕರೆಯಬೇಕು.

ಹಾಗಾದರೆ ತೊಡಕು ಎಲ್ಲಿದೆ? ಹಣದಲ್ಲಿ ಅಲ್ಲವೆಂದೇ ತೋರುತ್ತದೆ. ಪ್ರತಿ ಜಿಲ್ಲೆಗೂ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಯ ಪದ್ಧತಿಯಿದೆ. ವರ್ಷಕ್ಕೆ ಒಂದು ಸಭೆಯನ್ನು ಆಯಾ ಊರಿನ ಪ್ರಾಣಿಗಳಿಗೆ ಮೀಸಲಿಟ್ಟರೆ, ವಲಯ ಅರಣ್ಯಾಧಿಕಾರಿಯನ್ನೋ ಹತ್ತಿರದ ಪಶುವೈದ್ಯರನ್ನೋ ಕರೆದರೆ, ಹೊಸ ಯೋಜನೆ ಬೇಕಾಗುವುದಿಲ್ಲ. ವೈಲ್ಡ್ ಶಾಲೆಯಂಥ ಕಾರ್ಯಕ್ರಮಗಳು ವರ್ಷಗಳಿಂದ ತಿದ್ದಿ ತೀಡಿದ ಕನ್ನಡದ ಪಾಠಗಳನ್ನು ಆ ಸಭೆಗಳಿಗೆ ಕೊಡಬಹುದು. ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ'ದಲ್ಲಿ ಜೊತೆಗೆ ಹೋಗುವ ಶಿಕ್ಷಕರು ಹಾಜರಿ ಕೂಗಲು ಮಾತ್ರ ಇರಬೇಕೆಂದೇನೂ ಇಲ್ಲ.

ನಿಜವಾದ ತೊಡಕು ಎರಡು. ಮೊದಲನೆಯದು ಶಿಕ್ಷಕರ ಅಸ್ಥಿರತೆ. ಕಾಡಂಚಿನ ಶಾಲೆಗಳಲ್ಲಿ ಕಾಯಂ ಶಿಕ್ಷಕರು ನಿಲ್ಲುವುದಿಲ್ಲ, ವರ್ಗಾವಣೆಯ ಮೊದಲ ಅವಕಾಶದಲ್ಲೇ ಹೊರಡುತ್ತಾರೆ. ಅವರ ಜಾಗ ತುಂಬುವ ಅತಿಥಿ ಶಿಕ್ಷಕರ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮುಗಿಯುತ್ತದೆ. ಈ ವರ್ಷ ತರಬೇತಿ ಪಡೆದ ಯುವತಿ ಮುಂದಿನ ಜೂನ್‌ನಲ್ಲಿ ಅದೇ ಶಾಲೆಯಲ್ಲಿರುವ ಭರವಸೆಯಿಲ್ಲ. ಅತಿಥಿ ಶಿಕ್ಷಕರಲ್ಲಿ ಬಹುಮಂದಿ ಅದೇ ಸೀಮೆಯವರು, ಅಲ್ಲಿನ ಕಾಡು ಕಂಡವರು ಎಂಬುದನ್ನು ನೆನೆದರೆ ನಷ್ಟ ಇನ್ನೂ ದೊಡ್ಡದೆನಿಸುತ್ತದೆ.

ಎರಡನೆಯದು ಸೂಕ್ಷ್ಮವಾದದ್ದು. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಹಾಡಿಗೆ ಮರಳಿ, ಇದು ನಮ್ಮ ಹಿರಿಯರ ನೆಲವೆಂದು ಗುಡಿಸಲು ಹಾಕಿದವು. ಹಾಡಿಗಳ ಮಕ್ಕಳು ಓದುವ ಆಶ್ರಮ ಶಾಲೆಯಲ್ಲಿ ನಿಂತು, ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡು ಎಂದು ಪಾಠ ಹೇಳುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಚಿಣ್ಣಪ್ಪನವರು ಅಧ್ಯಕ್ಷರಾಗಿದ್ದ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಅರಣ್ಯ ಹಕ್ಕು ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದನ್ನು ಆ ಮಕ್ಕಳ ಹಿರಿಯರು ಮರೆತಿಲ್ಲ. ಜಾಡು ನೋಡಿ ಪ್ರಾಣಿ ಹೇಳಬಲ್ಲ ಅಜ್ಜನಿರುವ ಮನೆಯ ಹುಡುಗನಿಗೆ ಹೆಜ್ಜೆ ಗುರುತಿನ ಚಿತ್ರಪಟ ತೋರಿಸಿ ಕಲಿಸಲು ಹೊರಟರೆ ನಗು ಬಂದೀತು. ಆ ಅಜ್ಜನನ್ನೇ ತರಗತಿಗೆ ಕರೆಯುವ ಧೈರ್ಯ ಹೊರಗಿನ ಸಂಸ್ಥೆಗಿಂತ ಅಲ್ಲಿನ ಶಿಕ್ಷಕರಿಗೆ ಹೆಚ್ಚು ಒಗ್ಗುತ್ತದೆ.

ಇಷ್ಟೆಲ್ಲ ಹೊರಿಸುವ ಮೊದಲು ಶಿಕ್ಷಕರ ದಿನಚರಿಯನ್ನೂ ನೋಡಬೇಕು. ಮೊಟ್ಟೆ, ಹಾಲು, ಅಕ್ಕಿಯ ಲೆಕ್ಕ, ಮತದಾರರ ಪಟ್ಟಿ, ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವುದು ಎಲ್ಲವೂ ಅವರ ಪಾಲಿನದೇ. ದೇಶದಲ್ಲಿ ವನ್ಯಜೀವಿ ಸಪ್ತಾಹ ನಡೆಯುವುದು ಅಕ್ಟೋಬರ್ 2ರಿಂದ 8ರವರೆಗೆ. ಕರ್ನಾಟಕದಲ್ಲಿ ಆ ದಿನಗಳು ಬಹುತೇಕ ವರ್ಷ ದಸರಾ ರಜೆಯೊಳಗೆ ಅಥವಾ ಅದರ ಅಂಚಿಗೆ ಬೀಳುತ್ತವೆ. 2025ರಲ್ಲಂತೂ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಪ್ತಾಹದ ಬ್ಯಾನರುಗಳು ಮೃಗಾಲಯಗಳಲ್ಲಿ, ಅರಣ್ಯ ಭವನದಲ್ಲಿ ತೂಗುತ್ತಿದ್ದ ಆ ವಾರ ರಾಜ್ಯದ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಯ ಬಾಗಿಲು ಬಡಿಯುತ್ತಿದ್ದರು.